ಗುರುಗಳ ಮನೆಯಲ್ಲಿ ಉಳಿದ ಪುಸ್ತಕ

ವಂಶದ ಬೇರು ಹುಡುಕುವ ಐರ್ಲೆಂಡಿನವರಿಗೆ ಒಂದು ದೊಡ್ಡ ಗೋಡೆ ಅಡ್ಡ ಬರುತ್ತದೆ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಸರ್ಕಾರಿ ದಾಖಲೆಗಳ ಭಂಡಾರ ಸ್ಫೋಟಗೊಂಡು ಉರಿಯಿತು. ಬ್ರಿಟಿಷರ ಆಳ್ವಿಕೆಯ ಕಾಲದ ಕಾಗದಪತ್ರಗಳು, 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಬೂದಿಯಾದವು. ಆಳುವವರ ಧರ್ಮಸಭೆಯಾಗಿದ್ದ ಆಂಗ್ಲಿಕನ್ನರ ದೀಕ್ಷಾಸ್ನಾನದ ಅನೇಕ ಪುಸ್ತಕಗಳನ್ನು ಭದ್ರವಾಗಿರಲೆಂದು ಕಾನೂನಿನಂತೆ ಅಲ್ಲೇ ಇರಿಸಿದ್ದರು. ಅವು ಬಹುತೇಕ ಎಲ್ಲವೂ ಸುಟ್ಟುಹೋದವು. ಕಥೋಲಿಕರ ಪುಸ್ತಕಗಳಿಗೆ ಆ ಕಾನೂನು ಅನ್ವಯಿಸಲಿಲ್ಲ. ಹಳ್ಳಿಯ ಗುರುಗಳ ಮನೆಯ ಪೆಟ್ಟಿಗೆಯಲ್ಲೇ ಉಳಿದು ಬದುಕಿಕೊಂಡವು!

ಅನೇಕ ಕಡೆ ಲತೀನಿನಲ್ಲಿ ಬರೆದ ಒಂದೇ ಸಾಲು: ಮಗು, ತಂದೆ, ತಾಯಿಯ ತವರಿನ ಹೆಸರು, ಜ್ಞಾನ ತಂದೆತಾಯಿ. ಕೊನೆಯ ಇಬ್ಬರನ್ನು ಕಡೆಗಣಿಸಬೇಡಿ. ಅವರು ಎಷ್ಟೋ ಸಲ ಬಂಧುಗಳೇ. ಆ ಹೆಸರು ಹಿಡಿದು ಹೋದರೆ ಇನ್ನೊಂದು ಮನೆ ಸಿಗುತ್ತದೆ. 2015ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಈ ಪುಟಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು.

ಬೆಂಗಳೂರು ದಂಡಿಗೆ ಸಿಪಾಯಿಗಳಾಗಿ ಬಂದ ಐರಿಷರೂ ಇದ್ದರು. ಇಲ್ಲಿನ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಮರಣಗಳ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಕಥೋಲಿಕರ ನಮೂದುಗಳು ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಲಂಡನ್ನಿನಲ್ಲಿ ಸಿಗದ ಹೆಸರಿಗೆ ಇಲ್ಲಿಯ ಹಳೆಯ ಧರ್ಮಕೇಂದ್ರದ ಕಪಾಟನ್ನೇ ತೆರೆಸಬೇಕು.