ಹೆಸರು ಒಂದು, ಗಿಡ ಎರಡು: ಬ್ರಾಹ್ಮಿಯ ಕಥೆ



ಪರೀಕ್ಷೆ ಹತ್ತಿರ ಬಂತೆಂದರೆ ಕರೋಶಿಯಂಥ ಊರುಗಳಲ್ಲಿ ಹಿರಿಯರು ಹೇಳುವುದುಂಟು: “ಹುಡುಗಗ ಬ್ರಾಹ್ಮಿ ಕೊಡ್ರಿ, ಓದಿದ್ದು ನೆನಪಿರತೈತಿ.” ಸಂತೆಯಲ್ಲಿ ಪುಡಿಗೆ ರೊಕ್ಕ ಕೊಡುವ ಮೊದಲು ಒಂದು ಮಾತು ಕೇಳಿರಿ: ಯಾವ ಬ್ರಾಹ್ಮಿ?

ಈ ಹೆಸರಿನ ಗಿಡ ಎರಡು ಅದಾವ. ಒಂದು ನಮ್ಮ ಒಂದೆಲಗ. ತೇವವಿದ್ದ ಬದುವಿನಲ್ಲಿ ಹಬ್ಬುತ್ತದೆ. ಒಂದು ದೇಟಿಗೆ ಒಂದೇ ದುಂಡನೆಯ ಎಲೆ. ಇನ್ನೊಂದು ನೀರುಬ್ರಾಹ್ಮಿ. ಕೆರೆ, ಕಾಲುವೆಗಳ ಅಂಚಿನ ಕೆಸರಿನದು. ಎಲೆ ಸಣ್ಣದು, ದಪ್ಪ, ಜೋಡಿ ಜೋಡಿ. ರುಚಿ ಬಲು ಕಹಿ.

ಗೊಂದಲ ಹಳೆಯದು. ಚರಕಸಂಹಿತೆಯು ಬುದ್ಧಿಗೆ ಹಿತವೆಂದು ನಾಲ್ಕನ್ನು ಹೇಳಿತು: ಮಂಡೂಕಪರ್ಣಿ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಮಂಡೂಕಪರ್ಣಿಯೆಂದರೆ ಒಂದೆಲಗ. ಮುಂದೆ ಬಂಗಾಳ, ಕೇರಳದವರು ನೀರುಬ್ರಾಹ್ಮಿಯನ್ನು ಬ್ರಾಹ್ಮಿ ಎಂದರು. ನಾವೂ ನೆರೆಯ ಮರಾಠಿಯವರೂ ಒಂದೆಲಗವನ್ನೇ ಹಾಗೆ ಕರೆದೆವು. ಭಾರತ ಸರಕಾರದ ಆಯುರ್ವೇದ ಔಷಧಕೋಶವು ಎರಡನ್ನೂ ಬೇರೆ ಬೇರೆ ಬರೆದಿದೆ. ಅದರಲ್ಲಿ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ.

ಇನ್ನು ಗುಣದ ಮಾತು. 2001ರಲ್ಲಿ ಆಸ್ಟ್ರೇಲಿಯದಲ್ಲಿ 46 ಮಂದಿ ಆರೋಗ್ಯವಂತ ದೊಡ್ಡವರನ್ನು ಪರೀಕ್ಷಿಸಿದರು. ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಂ ನೀರುಬ್ರಾಹ್ಮಿಯ ಸಾರ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. 5 ವಾರಕ್ಕೆ ಫರಕು ಕಾಣಲಿಲ್ಲ. 12 ವಾರಕ್ಕೆ ಕಲಿಯುವ ವೇಗ ಹೆಚ್ಚಿತ್ತು. 2014ರಲ್ಲಿ 9 ಪರೀಕ್ಷೆಗಳನ್ನು, ಒಟ್ಟು 518 ಮಂದಿಯ ಲೆಕ್ಕವನ್ನು, ಕೂಡಿಸಿ ನೋಡಿದಾಗ ಗಮನದ ಚುರುಕು ಸುಧಾರಿಸಬಹುದೆಂದು ಕಂಡಿತು. ಇನ್ನೂ ದೊಡ್ಡ ಪರೀಕ್ಷೆ ಬೇಕೆಂದೂ ಹೇಳಿದರು. ಕೆಲವರಿಗೆ ಹೊಟ್ಟೆ ಕೆಡುವುದೂ ಉಂಟು.

ಇದರಿಂದ ನಾವು ತಿಳಿಯಬೇಕಾದ್ದೇನು? ಪರೀಕ್ಷೆಯ ಹಿಂದಿನ ವಾರ ತಿನ್ನಿಸಿದ ಪುಡಿ ಅಂಕ ತಂದುಕೊಡದು. ಆಸ್ಟ್ರೇಲಿಯದ ಪರೀಕ್ಷೆ ನಡೆದದ್ದು ದೊಡ್ಡವರ ಮೇಲೆ, ಅಳೆದು ತಯಾರಿಸಿದ ಸಾರದಿಂದ. ಸಂತೆಯ ಪುಡಿಗೂ ಒಂದೆಲಗಕ್ಕೂ ಆ ಲೆಕ್ಕ ಹೊಂದದು. ಮಗು ಓದುವಾಗ ತೂಕಡಿಸಿದರೆ ನಿದ್ದೆ ಸಾಲದೋ, ರಕ್ತ ಕಡಿಮೆಯೋ, ಕಣ್ಣು ಮಂದವೋ, ಮೊದಲು ಡಾಕ್ಟರರಿಗೆ ತೋರಿಸಿರಿ. ಮೂರ್ಛೆರೋಗದ ಗುಳಿಗೆ ಬಿಡಿಸಿ ಬ್ರಾಹ್ಮಿ ಕೊಡುವುದಂತೂ ಬ್ಯಾಡೇ ಬ್ಯಾಡ.

ಒಂದೆಲಗದ ಚಟ್ನಿಯನ್ನು ರೊಟ್ಟಿಯ ಜೋಡಿ ಧಾರಾಳ ಉಣ್ಣಿರಿ. ಒಳ್ಳೆಯ ಸೊಪ್ಪು ಅದು. ಆದರೆ ಗಟಾರದ ದಂಡೆಯದನ್ನು, ಔಷಧ ಹೊಡೆದ ಹೊಲದ್ದನ್ನು ಕೀಳಬೇಡಿರಿ. ಕೊಳಕು ನೀರಿನ ವಿಷವನ್ನು ಈ ಗಿಡಗಳು ಹೀರಿಕೊಳ್ಳುತ್ತವೆ. ಬಚ್ಚಲ ನೀರು ತಾಕದ ಕಡೆ, ಹಿತ್ತಲ ತೊಟ್ಟಿಯಲ್ಲಿ ಒಂದು ಬೇರು ಊರಿರಿ. ಅದು ತಾನೇ ಹಬ್ಬುತ್ತದೆ.