ಸಾಹೇಬರ ಮನೆ, ವಿಜಯಪುರ: ಒಳಾಂಗಣ ಮತ್ತು ಸಂಜೆಯ ಚಹಾ

ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ವಿಜಯಪುರದಲ್ಲಿ (ಆಗಿನ ಬಿಜಾಪುರ) ನೆಲೆಸಿದ ಬ್ರಿಟಿಷ್ ಅಧಿಕಾರಿಗಳ ಮನೆಯೊಳಗಿನ ಏರ್ಪಾಟು ಹಾಗೂ ಚಹಾ ರೂಢಿ ಈ ಲೇಖನದ ವಿಷಯ. 1876–78ರ ಬರಗಾಲದಲ್ಲಿ ತತ್ತರಿಸಿದ ಈ ಸೀಮೆಗೆ 1884ರಲ್ಲಿ ಹೋಟಗಿ–ಗದಗ ಮೀಟರ್‌ಗೇಜ್ ರೈಲು ಬಂತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ನಿಲ್ದಾಣದಿಂದ ಗೋಳಗುಮ್ಮಟವನ್ನು ಹಾಯ್ದು ಅರಕಿಲ್ಲೆಯ (ಒಳಕೋಟೆಯ) ಕಡೆಗೆ ಸಾಗುವ ಇಂದಿನ ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿಯೇ ಸಾಹೇಬರ ಬಿಜಾಪುರ ರೂಪುಗೊಂಡಿತು.

ಆ ಕಾಲದ ಇಂಗ್ಲಿಷ್ ಮನೆಯೆಂದರೆ ಹೂಬಳ್ಳಿಯ ಗೋಡೆಕಾಗದ, ದಪ್ಪ ಪರದೆ, ಪಿಯಾನೊ, ಕಪಾಟಿನ ತುಂಬ ಗೊಂಬೆ, ಪಿಂಗಾಣಿ ಎಂದು ನಾವು ಬಲ್ಲೆವು. ವಿಜಯಪುರದಲ್ಲಿ ಇದನ್ನೆಲ್ಲ ಹುಡುಕುವುದು ದಾರಿ ತಪ್ಪಿದಂತೆ. ಇಲ್ಲಿ ಮನೆಯ ಒಳಾಂಗಣವನ್ನು ತೀರ್ಮಾನಿಸಿದ್ದು ಒಡತಿಯ ಅಭಿರುಚಿಗಿಂತ ಹೆಚ್ಚಾಗಿ ಆದಿಲಶಾಹಿ ಗೋಡೆಗಳು. ಹೊಸ ಬಂಗಲೆ ಕಟ್ಟುವ ಖರ್ಚನ್ನು ಉಳಿಸಲು ಸರಕಾರ ಹಳೆಯ ಕಟ್ಟಡಗಳನ್ನೇ ದುರಸ್ತಿ ಮಾಡಿ ಅಧಿಕಾರಿಗಳಿಗೆ ಒಪ್ಪಿಸಿತು. ಅದಾಲತ್ ಮಹಲ್ ಕಲೆಕ್ಟರರ ಮನೆಯಾಯಿತು, ಅರಶ್ ಮಹಲ್ ಸಿವಿಲ್ ಸರ್ಜನರದ್ದು. ಎರಡನೆಯ ಇಬ್ರಾಹಿಂ 1589ರಲ್ಲಿ ಕಟ್ಟಿಸಿದ ಆನಂದ ಮಹಲಿನಲ್ಲೂ ಅಧಿಕಾರಿಗಳ ವಸತಿಯಿತ್ತು. ಚೀನಿ ಮಹಲಿಗೆ ಕಚೇರಿಗಳು ಬಂದವು. ಜೋಡ ಗುಮ್ಮಟವೆಂಬ ಎರಡು ಗೋರಿಕಟ್ಟಡಗಳ ಪೈಕಿ ಒಂದು ಎಕ್ಸಿಕ್ಯುಟಿವ್ ಎಂಜಿನಿಯರರ ಮನೆಯಾಗಿತ್ತು. ಗೋರಿಯ ಮೇಲೆ ಸಂಸಾರ ಹೂಡಿದ ಈ ಸಂಗತಿಯೊಂದೇ ಸಾಕು, ಅಂದಿನ ಆಡಳಿತದ ಲೆಕ್ಕಾಚಾರ ಹೇಗಿತ್ತೆಂದು ತಿಳಿಯಲು.

ಇಂಥ ಕಟ್ಟಡದಲ್ಲಿ ದಿವಾನಖಾನೆ ಸಜ್ಜುಗೊಳಿಸುವುದು ಸುಲಭವಲ್ಲ. ಗೋಡೆಗಾರೆಯ ಮೇಲೆ ಕಾಗದ ಅಂಟಿಸಿದರೆ ಗೆದ್ದಲು ಬಿಡುವುದಿಲ್ಲ. ಹಾಗಾಗಿ ಸುಣ್ಣವೋ ಬಣ್ಣದ ಸುಣ್ಣವೋ ಗತಿ. ಪಂಖಾ ತೂಗುಹಾಕಲು ತೊಲೆ ಬೇಕು, ಕಮಾನಿನ ಛತ್ತಿಗೆ ತೊಲೆಯೇ ಇರುವುದಿಲ್ಲ. ಗೋಡೆಯಿಂದ ಗೋಡೆಗೆ ಅಡ್ಡಮರ ಕೂರಿಸಬೇಕಾಗುತ್ತದೆ. ದರಬಾರಿಗೆಂದು ಕಟ್ಟಿದ ಕಮಾನುಗಳು ಬಯಲಿಗೆ ಬಾಯ್ದೆರೆದಿರುತ್ತವೆ. ಅವಕ್ಕೆ ಇಟ್ಟಿಗೆ ತುಂಬಿ ಕಿಟಕಿ, ಬಾಗಿಲು ಕೂರಿಸದೆ ಮಲಗುವ ಕೋಣೆ ಆಗದು. ವಿಶಾಲ ಪಡಸಾಲೆಯನ್ನು ಅಡ್ಡಗೋಡೆಗಳಿಂದ ಸೀಳದೆ ಊಟದ ಕೋಣೆ, ಕೂಡುವ ಕೋಣೆ ಬೇರೆಯಾಗವು. ಇನ್ನು ಬಿಸಿಲು. ಗಜಗಟ್ಟಲೆ ದಪ್ಪದ ಕಲ್ಲುಗೋಡೆ ಮಧ್ಯಾಹ್ನದವರೆಗೆ ತಂಪು ಕಾಯುತ್ತದೆ ನಿಜ, ಆದರೆ ದಿನವಿಡೀ ಕುಡಿದ ಕಾವನ್ನು ಹೊತ್ತು ಇಳಿದ ಮೇಲೆ ಒಳಗೆ ಬಿಡುತ್ತದೆ. ಒಣಗಾಳಿಯ ಈ ಬಯಲುಸೀಮೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಏಪ್ರಿಲ್, ಮೇ ತಿಂಗಳ ಸಂಜೆ ನಾಲ್ಕೈದರ ಹೊತ್ತಿಗೆ ಮನೆಯೊಳಗಿಗಿಂತ ವರಾಂಡವೇ ಲೇಸು. ಮೇಲಾಗಿ ಅಧಿಕಾರಿಗಳಿಗೆ ಚಳಿಗಾಲವೆಲ್ಲ ದೌರೆ (ಜಿಲ್ಲಾ ಪ್ರವಾಸ), ಕೆಲವೇ ವರ್ಷಗಳಿಗೊಮ್ಮೆ ವರ್ಗ. ಮಡಿಸುವ ಕುರ್ಚಿ, ಬಿಚ್ಚಿ ಜೋಡಿಸುವ ಮೇಜು, ಜಮಖಾನೆ ಇಷ್ಟೇ ಹೊಂದುತ್ತಿದ್ದವು. ವರ್ಗವಾದಾಗ ಭಾರದ ಸಾಮಾನು ಹರಾಜಿಗೆ ಹೋಗುತ್ತಿತ್ತು.

ಹೀಗೆ ಕೋಣೆ ಕೈಕೊಟ್ಟಲ್ಲಿ ಇಂಗ್ಲಿಷ್ ಮನೆತನದ ಗುರುತಾಗಿ ಉಳಿದದ್ದು ಚಹಾದ ಮೇಜು. ಸುಮಾರು 1840ರಲ್ಲಿ ಬೆಡ್‌ಫರ್ಡಿನ ಡಚೆಸ್ ಅನಾ ಮರಿಯಾ ಶುರುಮಾಡಿದಳೆಂದು ಹೇಳುವ ಈ ರೂಢಿ, 1880ರ ದಶಕದಲ್ಲಿ ಮಧ್ಯಮ ವರ್ಗದ ಮನೆಗಳ ನಿತ್ಯವಿಧಿಯಾಗಿತ್ತು. ಅದೇ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಭಾರತ, ಸಿಲೋನಿನ ಚಹಾ ಚೀನಾದ್ದನ್ನು ಹಿಂದಿಕ್ಕಿತು. ಬಿಳಿ ಮೇಜುಬಟ್ಟೆ, ಕೆಟಲ್, ಸಕ್ಕರೆ ಬಟ್ಟಲು, ಹಾಲಿನ ಚೊಂಬು, ಕಪ್ಪು-ಬಶಿ ಒಂದೇ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ಡೇರೆಯಲ್ಲೂ ಮಹಲಿನಲ್ಲೂ ಒಂದೇ ರೀತಿ ಹರಡಬಹುದು. ಮುಂಬಯಿಯಿಂದ ಬಂದ ಬಿಸ್ಕತ್ತಿನ ಡಬ್ಬಿಯೂ ಚಹಾಪುಡಿಯೂ ಹೋಟಗಿಯಲ್ಲಿ ದೊಡ್ಡ ರೈಲಿನಿಂದ ಇಳಿದು ಸಣ್ಣ ರೈಲು ಹತ್ತಬೇಕಿತ್ತು. ನೀರು ಕುದಿಸಿ ತರುವವನು ಬಟ್ಲರ್. ಕಪ್ಪಿಗೆ ಸುರಿಯುವ ಕೆಲಸ ಮಾತ್ರ ಮನೆಯೊಡತಿಯದು.

ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ 1890ರ ಆಸುಪಾಸಿನಲ್ಲಿ ಬರೆದ ಗೃಹಕೃತ್ಯದ ಕೈಪಿಡಿಯನ್ನು ಮುಂದಿಟ್ಟು, ಭಾರತದಲ್ಲೂ ಪೂರ್ಣ ಇಂಗ್ಲಿಷ್ ಸಂಸಾರ ನಡೆಯುತ್ತಿತ್ತಲ್ಲ ಎಂದು ಆಕ್ಷೇಪಿಸಬಹುದು. ಸ್ಟೀಲ್ ಸಂಸಾರ ನಡೆಸಿದ್ದು ಪಂಜಾಬಿನಲ್ಲಿ. ಅಲ್ಲದೆ ಕೈಪಿಡಿ ಹೇಳುವುದು ಮನೆ ಹೇಗಿರಬೇಕೆಂದು, ಹೇಗಿತ್ತೆಂದಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಸಾಹೇಬರು ವಾಸಿಸದಿದ್ದರೆ ಈ ಮಹಲುಗಳು ಗಗನ ಮಹಲಿನಂತೆ ಛಾವಣಿ ಕಳೆದುಕೊಂಡು ನಿಲ್ಲುತ್ತಿದ್ದವು. ಗೋಡೆ, ಛಾವಣಿಗಳ ಮಟ್ಟಿಗೆ ಇದನ್ನು ಒಪ್ಪಬೇಕು. ಆದರೆ ಉಳಿದದ್ದು ಹೊರಮೈ. ಒಳಗಿನ ಮೂಲ ವಿನ್ಯಾಸ ಅಡ್ಡಗೋಡೆ, ಸುಣ್ಣಗಳಡಿ ಮುಚ್ಚಿಹೋಯಿತು. ಈ ಅರಿವು ಸರಕಾರಕ್ಕೂ ತಡವಾಗಿ ಬಂತು: ಕರ್ಜನ್ ವೈಸರಾಯ್ ಆಗಿದ್ದಾಗ (1899–1905) ಇಲ್ಲಿಯ ಮಸೀದಿಗಳಿಂದ ಅಂಚೆ ಕಚೇರಿ, ಪ್ರವಾಸಿ ಬಂಗಲೆಗಳನ್ನು ತೆರವು ಮಾಡಿಸಲಾಯಿತು, 1904ರಲ್ಲಿ ಪ್ರಾಚೀನ ಸ್ಮಾರಕ ರಕ್ಷಣಾ ಕಾಯ್ದೆ ಬಂತು. ಮಹಲುಗಳ ವಸತಿ ಮಾತ್ರ ಮುಂದುವರಿಯಿತು. ಅದಾಲತ್ ಮಹಲ್ ಸ್ವಾತಂತ್ರ್ಯಾನಂತರವೂ ಜಿಲ್ಲಾಧಿಕಾರಿಗಳ ನಿವಾಸವಾಗಿಯೇ ಉಳಿಯಿತು.