ಮಲೆನಾಡಿನ ಮೂರು ತಾಲೂಕುಗಳ ಜನಸಂಖ್ಯಾನಿರ್ಣಯ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲೂಕುಗಳಲ್ಲಿ ಹಿಂದೆ ಎಷ್ಟು ಜನರು ಎಲ್ಲೆಲ್ಲಿ ನೆಲಸಿದ್ದರೆಂಬ ಪ್ರಶ್ನೆಗೆ ಶಾಸನಗಳಲ್ಲಿ ನೇರವಾದ ಉತ್ತರವು ದೊರೆಯುವುದಿಲ್ಲ. ಸಾಂತಳಿಗೆ ಸಾಸಿರ, ಬನವಾಸಿ ಪನ್ನಿರ್ಚ್ಛಾಸಿರ ಮೊದಲಾದ ನಾಡುಗಳ ಹೆಸರಿನೊಡನೆ ಬರುವ ಸಂಖ್ಯೆಗಳು ಗ್ರಾಮಗಳವೋ ಆದಾಯದವೋ ಎಂಬಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಅವು ತಲೆಯೆಣಿಕೆಯೆಂದು ತಿಳಿಯಲು ಮಾತ್ರ ಆಧಾರವಿಲ್ಲ. 1346ರಲ್ಲಿ ಹರಿಹರನೂ ಅವನ ಸಹೋದರರೂ ಶೃಂಗೇರಿಯಲ್ಲಿ ಮಾಡಿದ ದಾನದ ಶಾಸನವು ಭೂಮಿಯನ್ನು ಹೇಳುವುದೇ ಹೊರತು ಜನರನ್ನು ಎಣಿಸುವುದಿಲ್ಲ.

ಮೈಸೂರು ಸೀಮೆಯಲ್ಲಿ ಕ್ರಮವಾದ ಜನಗಣತಿಯು, ಅಂದರೆ ಹಿಂದಿನವರ ಮಾತಿನಲ್ಲಿ ಖಾನೇಷುಮಾರಿಯು, 1871ರಲ್ಲಿ ನಡೆಯಿತು. ಆಗ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಇದಕ್ಕೆ 1876–78ರ ಮಹಾಕ್ಷಾಮವೇ ಕಾರಣ. ಆದರೆ ಕ್ಷಾಮದಿಂದ ಬಯಲುಸೀಮೆಯು ನೊಂದಷ್ಟು ಮಲೆನಾಡು ನೋಯಲಿಲ್ಲ. ಆದುದರಿಂದ ಸಮಸ್ತ ಸಂಸ್ಥಾನದ ಸಂಖ್ಯೆಯನ್ನು ಒಂದು ತಾಲೂಕಿಗೆ ಅನ್ವಯಿಸುವುದು ಯುಕ್ತವಲ್ಲ.

ತಾಲೂಕಿನ ಸಂಖ್ಯೆಯನ್ನು ಗ್ರಾಮಕ್ಕೆ ಹಂಚುವಲ್ಲಿಯೂ ಇದೇ ದೋಷವು ಬರುತ್ತದೆ. ಬಯಲುಸೀಮೆಯ ಊರಿನಂತೆ ಮಲೆನಾಡಿನ ಗ್ರಾಮದಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಅಡಕೆಯ ತೋಟ, ಬತ್ತದ ಗದ್ದೆಗಳ ಬಳಿ ಒಂದೊಂದಾಗಿ ಚೆದರಿರುತ್ತವೆ. ಉಳಿದ ನೆಲವು ಕಾಡು. ಉದಾಹರಣೆಗೆ, 12 ಚದರ ಮೈಲಿಯ ಒಂದು ಗ್ರಾಮದಲ್ಲಿ 600 ಜನರಿರುವರೆಂದು ಊಹಿಸೋಣ. ಸಮನಾಗಿ ಹಂಚಿದರೆ ಚದರ ಮೈಲಿಗೆ 50 ಜನರಾಗುವರು. ಅದರಲ್ಲಿ 9 ಚದರ ಮೈಲಿ ನಿರ್ಜನವಾದ ಕಾಡಾದರೆ ಉಳಿದ 3ರಲ್ಲಿ ಚದರ ಮೈಲಿಗೆ 200 ಜನರಿರಬೇಕಾಯಿತು. ಒಟ್ಟು ಮೊತ್ತವು ಕೆಡಲಿಲ್ಲ; ಜನವಸತಿಯ ಸ್ವರೂಪವು ಮಾತ್ರ ಬೇರೆಯಾಗಿ ತೋರಿತು. ಅಮೆರಿಕದ ಭೂಗೋಳಜ್ಞ ಜೆ. ಕೆ. ರೈಟನು 1936ರಲ್ಲಿ ಕೇಪ್ ಕಾಡ್ ಪ್ರಾಂತಕ್ಕೆ ಈ ರೀತಿಯ ನಕ್ಷೆಯನ್ನೇ ರಚಿಸಿದನು.

ಇದರಲ್ಲಿ ಎಚ್ಚರಿಕೆಗಳು ಎರಡು. ಮೊದಲನೆಯದು ಕಾಲದ ವಿಚಾರ. 1881ರ ಗಣತಿಯು ಫೆಬ್ರವರಿ 17ರ ರಾತ್ರಿಯಲ್ಲಿಯೂ 1901ರದು ಮಾರ್ಚಿ 1ರ ರಾತ್ರಿಯಲ್ಲಿಯೂ ನಡೆದುವು. ಆ ಋತುವಿನಲ್ಲಿ ತೋಟಗಳ ಕೆಲಸಕ್ಕಾಗಿ ಘಟ್ಟದ ಕೆಳಗಿನಿಂದ ಬಂದ ಕೂಲಿಯವರೂ ಇದ್ದ ಸ್ಥಳದಲ್ಲಿಯೇ ಲೆಕ್ಕಕ್ಕೆ ಸೇರುತ್ತಿದ್ದರು. ಎರಡನೆಯದು ಎಲ್ಲೆ ಮತ್ತು ಹೆಸರುಗಳ ವಿಚಾರ. ನರಸಿಂಹರಾಜಪುರವನ್ನು ಹಳೆಯ ಪಟ್ಟಿಗಳಲ್ಲಿ ಎಡೇಹಳ್ಳಿಯೆಂದೂ ಈಗಿನ ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದೂ ಹುಡುಕಬೇಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನರಸಿಂಹರಾಜಪುರದ ಕಡೆಯ ಕೆಲವು ಹಳ್ಳಿಗಳೇ ನೀರಿನಲ್ಲಿ ಮುಳುಗಿದುವು. ಅಂತಹ ಹಳ್ಳಿಯ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಆ ವಂಶಗಳೇ ಅಳಿದುವೆಂದು ಹೇಳಲಾಗದು; ಅವು ಬೇರೆ ಕಡೆ ನೆಲಸಿರಬಹುದು.

ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನರಿದ್ದರು, 2011ರಲ್ಲಿ 11,37,961. ಹತ್ತು ವರ್ಷಗಳಲ್ಲಿ 2,944 ಮಂದಿ ಕಡಮೆಯಾದರು. ಚದರ ಕಿಲೋಮೀಟರಿಗೆ 158 ಎಂಬ ಸರಾಸರಿಯಲ್ಲಿ ಕಡೂರಿನ ಬಯಲೂ ಶೃಂಗೇರಿಯ ಮಲೆಯೂ ಒಂದಾಗಿಬಿಡುತ್ತವೆ. ಯಾವ ಕಣಿವೆಯಲ್ಲಿ ಶಾಲೆಗೆ ಮಕ್ಕಳು ಉಳಿದಿರುವರು, ಯಾವ ಮನೆಗೆ ಬಾಗಿಲು ಹಾಕಿದೆ ಎಂಬುದು ಸರಾಸರಿಯಿಂದ ತಿಳಿಯದು. ಗ್ರಾಮದ ಪಟ್ಟಿ, ನೆಲದ ನಕ್ಷೆ, ಶಾಸನದ ಸ್ಥಳನಾಮ ಈ ಮೂರನ್ನೂ ಹೊಂದಿಸಿ ನೋಡಿದಲ್ಲಿ ಮಾತ್ರ ಜನಸಂಖ್ಯೆಯ ನಿರ್ಣಯವು ಪ್ರಮಾಣವಾಗಬಲ್ಲುದು.